ಯಾವ ಒಬ್ಬನೇ?

"ಗುರುಗಳೇ, ಇಂಗ್ಲಿಷಿನಲ್ಲಿ 'ಅಲೋನ್' ಅಂದರೂ ಒಬ್ಬನೇ, 'ಸಿಂಗಲ್' ಅಂದರೂ ಒಬ್ಬನೇ. ಒಂದೇ ಅರ್ಥಕ್ಕೆ ಎರಡು ಮಾತು ಯಾಕೆ?" ಎಂದು ಶಿಷ್ಯ ರೇವಯ್ಯ ಕೇಳಿದ.

ರೇವಯ್ಯ ಮಠ ಸೇರಿ ಇನ್ನೂ ವರ್ಷವಾಗಿರಲಿಲ್ಲ. ಬಂದ ದಿನ, ಹಿಂದೆ ಮುಂದೆ ಯಾರಿದ್ದಾರೆ ಎಂದು ಕೇಳಿದ್ದಕ್ಕೆ 'ನಾನೊಬ್ಬನೇ' ಅಂದಿದ್ದ. ಬರುವ ಸೋಮವಾರ ಅವನಿಗೆ ಸನ್ಯಾಸ ದೀಕ್ಷೆ. ಕಾವಿ ಬಟ್ಟೆ ಮಡಿಸಿ ಇಟ್ಟಾಗಿತ್ತು. ಆಮೇಲೆ ಮಠದ ಶಾಲೆಯಲ್ಲಿ ಪಾಠ ಹೇಳಬೇಕೆಂದು ಇಂಗ್ಲಿಷ್ ಕಲಿಯುತ್ತಿದ್ದ.

ಗುರುಗಳು ಕತೆ ಹೇಳಿದರು.

ಒಬ್ಬ ಬೆಲ್ಲದ ವ್ಯಾಪಾರಿ ಪಟ್ಟಣಕ್ಕೆ ಹೋಗಿ ಸಾಹುಕಾರನೊಬ್ಬನ ಮನೆಯಲ್ಲಿ ಇಳಿದುಕೊಂಡ. ಸಾಹುಕಾರನಿಗೆ ಇಂಗ್ಲಿಷಿನ ಶೋಕಿ. ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ತಂಗಿ. ಜೊತೆಗೆ ಯಾರೂ ಬರಲಿಲ್ಲವೇ ಎಂದು ಇಂಗ್ಲಿಷಿನಲ್ಲೇ ವಿಚಾರಿಸಿದ. ವ್ಯಾಪಾರಿಯೇನು ಕಡಿಮೆಯೇ, 'ಸಿಂಗಲ್' ಅಂದುಬಿಟ್ಟ. ಆಗಿನಿಂದ ಎಲೆಗೆ ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ. ಬಡಿಸುವವಳು ಆ ತಂಗಿಯೇ. ವ್ಯಾಪಾರಿ ಬೆರಳು ನೆಕ್ಕಿ ನೆಕ್ಕಿ ಉಂಡ. ಇಷ್ಟೊಂದು ಉಪಚಾರ ಯಾಕೆ ಎಂದು ಒಮ್ಮೆಯೂ ಕೇಳಲಿಲ್ಲ. ಕೇಳಿದರೆ ತುಪ್ಪ ನಿಂತೀತಲ್ಲ.

ಅವನು ಊರಿಗೆ ಮರಳಿದ ಬೆನ್ನಿಗೇ ಸಾಹುಕಾರ ಹಣ್ಣು ಕಾಯಿ, ಎಲೆ ಅಡಿಕೆಯ ಹರಿವಾಣ ಹೊರಿಸಿಕೊಂಡು ಸಂಬಂಧ ಮಾತಾಡಲು ಬಂದ. ಬಾಗಿಲು ತೆಗೆದವಳು ವ್ಯಾಪಾರಿಯ ಹೆಂಡತಿ. ಅವಳು ಕೂಗಾಡಲಿಲ್ಲ. ಬಂದವರನ್ನು ಕೂರಿಸಿ, ಮಜ್ಜಿಗೆ ಕೊಟ್ಟು, ಎಲ್ಲವನ್ನೂ ಬಾಯಿ ಬಿಡಿಸಿಕೊಂಡಳು. ಓಣಿಯ ಹೆಂಗಸರು ಒಲೆಯ ಮೇಲಿನ ಪಲ್ಯ ಸೀದರೆ ಸೀಯಲಿ ಎಂದು ಎದುರು ಕಟ್ಟೆಯ ಮೇಲೆ ಬಂದು ಕೂತರು.

"ಜೊತೆಗೆ ಯಾರೂ ಬಂದಿಲ್ಲ ಅಂದೆ, ಅಷ್ಟೇ," ಎಂದು ವ್ಯಾಪಾರಿ ತೊದಲಿದ.

"ಒಬ್ಬರೇ ಅಂದಿರಂತೆ. ಇನ್ನು ಒಬ್ಬರೇ ಇರಿ," ಎಂದು ಅವಳು ಬಟ್ಟೆಯ ಗಂಟು ಹೊತ್ತು ತವರಿನ ದಾರಿ ಹಿಡಿದಳು.

ರೇವಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಕಣ್ಣೀರು ಒರೆಸಿಕೊಳ್ಳುತ್ತ, "ಹೆಂಡತಿ ಪಕ್ಕದಲ್ಲಿ ಇಲ್ಲದವನು ಅಲೋನ್, ಮನೆಯಲ್ಲೂ ಇಲ್ಲದವನು ಸಿಂಗಲ್. ಇಷ್ಟೂ ತಿಳಿಯಲಿಲ್ಲವೇ ಗುರುಗಳೇ ಆ ಹೆಡ್ಡನಿಗೆ?" ಎಂದ.

ಗುರುಗಳೂ ನಕ್ಕರು.

"ಹೊರಗೆ ಜಗಲಿಯ ಮೇಲೆ ಬುತ್ತಿ ಗಂಟು ಹಿಡಿದು ಕೂತವಳು ನೀನೇ ತನ್ನ ಗಂಡ ಅನ್ನುತ್ತಾಳೆ, ಹಾಗಾದರೆ ಮಠಕ್ಕೆ ಬಂದ ದಿನ ನೀನು ಅಂದ 'ಒಬ್ಬನೇ' ಯಾವುದಪ್ಪ?"