ಅಧ್ಯಕ್ಷರ ಕೊರಳಿನ ಸೇವಂತಿಗೆ ಹಾರ

ಗಂಡ ಸತ್ತ ಮೇಲೆ ಚೌಡಮ್ಮ ಹತ್ತು ಗುಂಟೆಯಲ್ಲಿ ಸೇವಂತಿಗೆ, ವೀಳ್ಯದೆಲೆ ಬೆಳೆದು ಬದುಕು ಕಟ್ಟಿಕೊಂಡಳು. ಅವಳೂ ಅವಳಂಥ ವಿಧವೆಯರೂ ಆರು ಮಂದಿ ಸೇರಿ ಹೂವಿನಂಗಡಿ ಹಾಕಿದರು. ಉದ್ಘಾಟನೆಗೆ ಬಂದ ಪಂಚಾಯ್ತಿ ಅಧ್ಯಕ್ಷರು ಹಾರ ಹಾಕಿಸಿಕೊಂಡು ಮುಖ ಸಿಂಡರಿಸಿದರು.

“ಶುಭಕಾರ್ಯ. ಗಂಡ ಇಲ್ಲದವರು ಹಿಂದೆ ನಿಲ್ಲಿ. ನೆರಳೂ ಬೀಳಬಾರದು.”

ಈ ಮಾತು ಕೇಳಿ ಕೇಳಿ ಚೌಡಮ್ಮನಿಗೆ ಸಾಕಾಗಿಹೋಗಿತ್ತು. “ಆಗಲಿ ಸ್ವಾಮಿ” ಅಂದಳು. ಬಾಗಿಲಿನ ಹೂವಿನ ಸರ ಬಿಚ್ಚಿದಳು. ತಟ್ಟೆಯ ವೀಳ್ಯದೆಲೆ ಎತ್ತಿಕೊಂಡಳು, ಕತ್ತರಿಯೊಂದೇ ಉಳಿಯಿತು. ಆಮೇಲೆ ಅಧ್ಯಕ್ಷರ ಹಾರಕ್ಕೇ ಕೈ ಹಾಕಿದಳು.

“ಏನಮ್ಮಾ ಇದು?”

“ನಾನೇ ಬೆಳೆದು ಕಟ್ಟಿದ್ದು ಸ್ವಾಮಿ. ನೆರಳೇ ಬೇಡ ಅಂದಮೇಲೆ ಇದ್ಯಾಕೆ ಕೊರಳಲ್ಲಿ?”

ಫೋಟೊದವನು ಕಾಯುತ್ತಿದ್ದ. ಅಧ್ಯಕ್ಷರು ಹಾರವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. “ಇರಲಿ ಬಿಡಮ್ಮ.”

“ಹಾಗಾದರೆ ನಿಮ್ಮ ಕೈ ಖಾಲಿ ಇಲ್ಲ” ಅಂದ ಚೌಡಮ್ಮ, ಕತ್ತರಿ ತಗೊಂಡು ಬಾಗಿಲಿಗೆ ಕಟ್ಟಿದ್ದ ಉದ್ಘಾಟನೆಯ ಟೇಪು ಕತ್ತರಿಸಿದಳು.