ಹರಿಗೋಲು ಹೊತ್ತ ಗವಿಸಿದ್ಧ

ತುಂಗಭದ್ರೆಯ ದಂಡೆಯ ಮಠದಲ್ಲಿ ಶಿಷ್ಯ ಗವಿಸಿದ್ಧನಿಗೆ ಎಲ್ಲ ಇತ್ತು, ಏಕಾಂತವೊಂದನ್ನು ಬಿಟ್ಟು. ಧ್ಯಾನಕ್ಕೆ ಕೂತರೆ ಒಬ್ಬ ಕೆಮ್ಮುತ್ತಿದ್ದ, ಇನ್ನೊಬ್ಬ ಒಲೆಗೆ ಕಟ್ಟಿಗೆ ಕೇಳುತ್ತಿದ್ದ. ಅವನಿಗೆ ಸಾಕುಸಾಕಾಗಿತ್ತು.

ಒಂದು ದಿನ ಗುರುಗಳ ಮುಂದೆ ಕೈಮುಗಿದು ನಿಂತ.

"ಅಜ್ಜಾರ, ನಡುಗಡ್ಡ್ಯಾಗ ನನಗೊಂದು ಗುಡಿಸಲಾ ಹಾಕಿ ಕೊಡ್ರಿ. ಒಬ್ಬನ ಇರ್ತೀನಿ. ಯಾರ ಹಂಗೂ ಬ್ಯಾಡ."

"ಆತು," ಅಂದರು ಅಜ್ಜಾರು. "ಮೊದಲ ಹರಿಗೋಲಿನ್ಯಾಗ ಒಬ್ಬನ ಕೆಳಗ ಸಂಗಮದ ತನಕ ಹೋಗಿ ಬಾ. ಬಂದ ಮ್ಯಾಲೂ ಹಿಂಗ ಅನಿಸಿದ್ರ ಹಾಕಿ ಕೊಡ್ತೀನಿ."

ಮಠದಲ್ಲಿ ಎರಡು ಹರಿಗೋಲಿದ್ದವು. ದೊಡ್ಡದನ್ನು ಕೊಟ್ಟರು.

ಹೋಗುವಾಗಿನ ಸುಖ ಕೇಳಬೇಡಿ. ಹೊಳೆಯೇ ಒಯ್ಯುತ್ತಿತ್ತು, ಹುಟ್ಟು ಹಾಕುವ ಕೆಲಸವೂ ಕಡಿಮೆ. ಕಟ್ಟಿಕೊಂಡ ಬುತ್ತಿ, ನೀರಿನ ಸದ್ದು, ಮಾತಿಗೆ ಯಾರೂ ಇಲ್ಲ. ಗವಿಸಿದ್ಧ ಹಾಯಾಗಿದ್ದ.

ಪುಣ್ಯಾತ್ಮ ಹೋಗುವುದನ್ನಷ್ಟೇ ಯೋಚಿಸಿದ್ದ. ಹರಿಗೋಲು ಸೆಳವಿಗೆ ಎದುರು ಏರುವುದಿಲ್ಲ. ಅಂಬಿಗರು ಅದನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು, ದಂಡೆಗುಂಟ ನಡೆದೇ ಮರಳುತ್ತಾರೆ. ದೊಡ್ಡದನ್ನು ಹೊತ್ತು ನಡೆಯಲು ಒಬ್ಬ ಸಾಕು. ತಲೆಗೇರಿಸಲು ಇನ್ನೊಬ್ಬ ಬೇಕು.

ಸಂಗಮದಲ್ಲಿ ಗವಿಸಿದ್ಧ ಒಬ್ಬನೇ ತಿಣುಕಿದ. ಆಗಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು, ಕುರಿ ಮೇಯಿಸುತ್ತಿದ್ದವನನ್ನು ಕೂಗಿದ.

"ಯಣ್ಣಾ, ಒಂದೀಟು ಕೈ ಹಚ್ಚು."

ದಣಿವಾಯಿತೆಂದು ಇಳಿಸಿದಲ್ಲೆಲ್ಲ ಮತ್ತೆ ಅದೇ ಕಥೆ. ಒಂದೂರಲ್ಲಿ ಬಟ್ಟೆ ಒಗೆಯುವ ಹೆಂಗಸರು ನಕ್ಕು ನಕ್ಕು ಎತ್ತಿಕೊಟ್ಟರು. ಇನ್ನೊಂದು ಕಡೆ ಮೆಣಸಿನಕಾಯಿ ಹೊಲದವರು ಹೊರಿಸುವ ಮೊದಲು ಊಟಕ್ಕೆ ಕೂಡಿಸಿದರು. ಮೊದಮೊದಲು ತೀರ ದಣಿದಾಗ ಮಾತ್ರ ಇಳಿಸುತ್ತಿದ್ದ. ಆಮೇಲಾಮೇಲೆ, ದಾರಿಯಲ್ಲಿ ಯಾರಾದರೂ ಕಂಡರೆ ದಣಿಯದಿದ್ದರೂ ಇಳಿಸತೊಡಗಿದ.

ಮಠ ಮುಟ್ಟಿದಾಗ ಅಜ್ಜಾರು ದಾರಿಯ ಪಕ್ಕದಲ್ಲಿ ನಿಂತಿದ್ದರು, ಮೊಣಕೈ ತನಕ ಕೆಸರು. ಬಂದು ಹರಿಗೋಲು ಇಳಿಸಿಕೊಂಡರು.

"ಸಣ್ಣದು ಕೊಟ್ಟಿದ್ರ ಯಾರನ್ನೂ ಕೇಳೂದು ಬರತಿದ್ದಿಲ್ರಿ," ಅಂದ ಗವಿಸಿದ್ಧ, ನಗುತ್ತ.

"ಹೌದು. ಗುಡಿಸಲಾ ಬೇಕೇನು?"

"ಬೇಕ್ರಿ. ಒಬ್ಬನ ಇರೂದು ಭಾಳ ಚಲೋ ಐತಿ. ಆದ್ರ ನಡುಗಡ್ಡಿ ಬ್ಯಾಡ. ದಾರಿ ಮಗ್ಗಲಾ ಇರಲಿ. ಹೊರಿ ಇಳಿಸಿ ಕುಂತವ್ರು ಕೂಗಿದ್ರ ನನಗ ಕೇಳಬೇಕು."

"ಆಗಲೇ ಅಲ್ಲೇ ಗ್ವಾಡಿ ಎಬ್ಬಿಸೀನಿ," ಅಂದರು ಅಜ್ಜಾರು. "ತೊಲಿ ಮಾತ್ರ ನನ್ನೊಬ್ಬನ ಕೈಲೆ ಏಳವಲ್ದು. ಬಾ, ಆ ತುದಿ ಹಿಡಿ."