ಮಳೆ ಕೂಗುವ ತಗಡು

ಕೋಟೆ ಬೀದಿಯಲ್ಲಿ ನಂಜಮ್ಮಣ್ಣಿ ಅಂತ ಒಬ್ಬಳಿದ್ದಳು. ಅವಳ ಕೈಯ ಅರಳು ಸಂಡಿಗೆ ಇಲ್ಲದೆ ಆ ಬೀದಿಯಲ್ಲಿ ಮದುವೆ ಊಟ ಆಗುತ್ತಿರಲಿಲ್ಲ. ಅಂಥವಳಿಗೆ ಮಂಡಿ ನೋವು ಬಂತು ನೋಡಿ. ಮಹಡಿ ಮೇಲೆ ಸಂಡಿಗೆ ಒಣಹಾಕಿ ಇಳಿದು ಬಂದರೆ, ಮೋಡ ಕವಿಯಿತಾ ಅಂತ ನೋಡೋಕೆ ಮತ್ತೆ ಹತ್ತಬೇಕು.

"ಇನ್ನು ಸಾಕು ಕಣೇ. ಒಪ್ಪಿಕೊಂಡಿರೋ ಈ ಮದುವೆಯದೊಂದು ಮುಗಿಸಿ ಬಿಟ್ಟುಬಿಡ್ತೀನಿ," ಅಂದಳು ಸೊಸೆ ಭಾರ್ಗವಿ ಹತ್ತಿರ. ಅನ್ನುವಾಗ ಕಣ್ಣು ತುಂಬಿತ್ತು.

ಸೊಸೆ ಸುಮ್ಮನಿರುವವಳಲ್ಲ. ಬಿಡಿಭಾಗ ತರಿಸಿದಳು, ತಂತಿಗೆ ತಂತಿ ಬೆಸೆದಳು, ಅಂಗೈಯಗಲದ ಒಂದು ತಗಡು ಮಾಡಿದಳು. ಮಳೆಯ ಮೊದಲ ಹನಿ ಅದರ ಮೇಲೆ ಬಿದ್ದರೆ ಸಾಕು, ಮನೆಯ ವೈಫೈ ಹಿಡಿದು ಕೆಳಗಿನ ಫೋನಿಗೆ ಸುದ್ದಿ ಮುಟ್ಟಿಸುತ್ತೆ, ಫೋನು ಗಂಟೆ ಬಾರಿಸುತ್ತೆ.

"ಅತ್ತೆ, ಇನ್ನು ಮೆಟ್ಟಿಲು ಹತ್ತಬೇಡಿ. ಇದು ನೋಡಿಕೊಳ್ಳುತ್ತೆ," ಅಂದಳು. ಅಷ್ಟೇ ಹೇಳಿದ್ದು.

ಮಾರನೆಯ ದಿನ ಮದುವೆ ಸಂಡಿಗೆ ಇಟ್ಟಾಯಿತು. ಇಳಿಯುವ ಮುಂಚೆ ನಂಜಮ್ಮಣ್ಣಿ ಸಂಡಿಗೆ ಪಕ್ಕದಲ್ಲಿದ್ದ ಆ ತಗಡನ್ನು ನೋಡಿದಳು. "ಪಾಪ, ಹುಡುಗಿ ಕಷ್ಟಪಟ್ಟು ಮಾಡಿದ್ದು. ಮಳೆ ಬಂದರೆ ನೆಂದು ಹಾಳಾದೀತು," ಅಂತ ಅದರ ಮೇಲೆ ಒಂದು ಬೋಗುಣಿ ಕವುಚಿ ಇಟ್ಟು ಬಂದಳು.

ಮಧ್ಯಾಹ್ನ ಮಳೆ ಸುರಿಯಿತು. ಫೋನು ತುಟಿ ಬಿಚ್ಚಲಿಲ್ಲ. ಮಳೆಯ ಸದ್ದು ಕೇಳಿ ಓಡುವಷ್ಟರಲ್ಲಿ ಸಂಡಿಗೆಯೆಲ್ಲ ಗಂಜಿ!

ಪಕ್ಕದ ಮಹಡಿಯಿಂದ ಪುಟ್ಟಗೌರಮ್ಮ ನಕ್ಕಳು. "ಏನಮ್ಮಾ ಭಾರ್ಗವಿ, ನಿನ್ನ ತಗಡಿಗೆ ನಿದ್ದೆ ಬಂದಿತ್ತಾ?"

ಭಾರ್ಗವಿ ಬೋಗುಣಿ ಎತ್ತಿದಳು. ಒಳಗೆ ತಗಡು ಬೆಚ್ಚಗೆ, ಒಣಗಿಕೊಂಡು ಕೂತಿತ್ತು. ಹಿಂದೆಯೇ ಹತ್ತಿ ಬಂದ ಅತ್ತೆಯ ಮುಖ ಸಣ್ಣದಾಯಿತು. ಒಂದು ಮಾತು ಆಡಿದ್ದರೆ ಬೀದಿಯೆಲ್ಲ ಅತ್ತೆಯನ್ನು ನೋಡಿ ನಗುತ್ತಿತ್ತು. ಆದರೆ ಭಾರ್ಗವಿ, "ತಪ್ಪು ನನ್ನದೇ ಕಣ್ರೀ. ಸರಿ ಮಾಡ್ತೀನಿ," ಅಂದಳು.

ಕೆಳಗಿಳಿದ ಮೇಲೆ ಅತ್ತೆಯನ್ನು ಕೂರಿಸಿಕೊಂಡಳು. "ಅತ್ತೆ, ನೆನೆಯೋದೇ ಇದರ ಕೆಲಸ. ಅದನ್ನ ನಾನು ನಿಮಗೆ ಹೇಳಲೇ ಇಲ್ಲ. ಎಲ್ಲಿ, ನೀವೇ ಒಂದು ಹನಿ ಬಿಡಿ."

ನಂಜಮ್ಮಣ್ಣಿ ಬೆರಳು ನೀರಿಗದ್ದಿ ತಗಡಿಗೆ ಮುಟ್ಟಿಸಿದಳು. ಫೋನು ಟಿಣ್ ಟಿಣ್ ಅಂತು. "ಅಯ್ಯೋ ಇದರ!" ಅಂತ ಮಗುವಿನ ಹಾಗೆ ನಕ್ಕು, ಮತ್ತೊಮ್ಮೆ ಮುಟ್ಟಿಸಿದಳು. ಆಮೇಲೆ ಮೂಗು ಮುರಿದಳು. "ಇದೇನೇ ಈ ಗಂಟೆ, ಇರುವೆ ಕೆಮ್ಮಿದ ಹಾಗೆ? ಯಾರಿಗೆ ಕೇಳುತ್ತೆ?"

"ಹಾಗಾದರೆ ನೀವೇ ಕೂಗಿ," ಅಂದಳು ಭಾರ್ಗವಿ. ಗಂಟೆಯ ಬದಲು ಅತ್ತೆಯ ದನಿಯನ್ನು ಫೋನಿನಲ್ಲಿ ಹಿಡಿದಿಟ್ಟು, ಫೋನನ್ನು ಒಂದು ಸ್ಪೀಕರಿಗೆ ಸೇರಿಸಿದಳು.

ಮತ್ತೆ ಅರಳು ನೆನೆಹಾಕಿದರು, ಮತ್ತೆ ಸಂಡಿಗೆ ಇಟ್ಟರು. ಸುಡು ಬಿಸಿಲಲ್ಲೇ ಇದ್ದಕ್ಕಿದ್ದ ಹಾಗೆ ಒಂದು ಹನಿ ಬಿತ್ತು. ಮನೆಯೊಳಗಿಂದ ನಂಜಮ್ಮಣ್ಣಿಯ ದನಿ ಬೀದಿಗೆಲ್ಲ ಮೊಳಗಿತು: "ಮಳೆ ಬಂತು, ಓಡ್ರೇ!"

ಭಾರ್ಗವಿ ಓಡಿದಳು. ಸಂಡಿಗೆ ಉಳಿಯಿತು. ಪುಟ್ಟಗೌರಮ್ಮನೂ ಓಡಿದಳು, ಅವಳ ಮೆಣಸಿನಕಾಯಿಯೂ ಉಳಿಯಿತು. ಏದುಸಿರು ಬಿಡುತ್ತಾ ಅವಳೇ ಬಂದು ಕೇಳಿದಳು, "ಕೂಗಿದ್ದು ತಗಡೋ ನೀನೋ ನಂಜಮ್ಮಣ್ಣೀ?"

ಜಗಲಿಯಲ್ಲಿ ಕೂತಿದ್ದ ನಂಜಮ್ಮಣ್ಣಿ ಸೆರಗು ಸರಿಮಾಡಿಕೊಂಡು, ತಲೆಯೆತ್ತಿ ಹೇಳಿದಳು: "ಮಾಡಿದ್ದು ನನ್ನ ಸೊಸೆ. ಕೂಗಿದ್ದು ನಾನು. ಮುಂದಿನ ಮದುವೆ ಯಾರ ಮನೇದು ಹೇಳು, ಅರಳು ನೆನೆಹಾಕ್ತೀನಿ."

ನೀತಿ: ಮಕ್ಕಳೇ, ನೀವು ಎಷ್ಟೇ ಜಾಣತನದಿಂದ ಮನೆಗೆ ಏನೇ ಮಾಡಿಟ್ಟರೂ, ಅದರ ಗುಟ್ಟನ್ನು ಮನೆಯವರಿಗೆಲ್ಲ ತಿಳಿಸಿ, ಅವರ ಕೈಯನ್ನೂ ಅದಕ್ಕೆ ಸೇರಿಸಿ. ಆಗಲೇ ಅದು ಕೆಲಸಕ್ಕೆ ಬರುವುದು, ಆಗಲೇ ಮನೆಯೆಲ್ಲ ಅದನ್ನು ನಮ್ಮದು ಅಂತ ಹೆಮ್ಮೆಯಿಂದ ಹೇಳಿಕೊಳ್ಳುವುದು.